ಬಾಣಂತನಕ್ಕೆ ಬಂದವಳು

"ಮೆತ್ತಗೆ ಉಜ್ಜೇ. ಎಮ್ಮೆಕರು ಅನ್ಕೊಂಡ್ಯಾ ಅದನ್ನ?" ಎಂದರು ದಾಕ್ಷಾಯಣಮ್ಮ. "ಕೈಯೋ ಕೊರಡೋ ಅದು. ದರಿದ್ರದ್ದು."

ಸರೋಜಾ ಬಚ್ಚಲಿನ ಬಿಳಿ ತೊಟ್ಟಿಯೊಳಗೆ ಕಾಲು ಚಾಚಿ ಕೂತು, ಸೀರೆಯನ್ನು ಮೊಣಕಾಲ ಮೇಲಕ್ಕೆ ಸಿಕ್ಕಿಸಿ, ಎರಡು ಕಾಲುಗಳ ನಡುವಿನ ಇಳಿಜಾರಿನಲ್ಲಿ ಕೂಸನ್ನು ಬೋರಲು ಮಲಗಿಸಿಕೊಂಡಿದ್ದಳು. ಎಣ್ಣೆ ಕುಡಿದ ಪುಟ್ಟ ಬೆನ್ನಿನ ಮೇಲೆ ಅವಳ ಹೆಬ್ಬೆರಳುಗಳು ಮೇಲಿನಿಂದ ಕೆಳಗೆ ಇಳಿಯುತ್ತಿದ್ದವು. ಕೂಸು ಅತ್ತು ಮುಗಿಸಿ ಈಗ ಸುಮ್ಮನಾಗಿತ್ತು. ಅಂಗಡಿಯಿಂದ ತಂದ ಹಸಿರು ಪ್ಲಾಸ್ಟಿಕ್ ಟಬ್ ಬಳಸದೆ ಮೂಲೆಯಲ್ಲಿ ಬಿದ್ದಿತ್ತು.

ಕಮೋಡಿನ ಮುಚ್ಚಳ ಹಾಕಿ, ಅದರ ಮೇಲೆ ಟವೆಲ್ ಹಾಸಿಕೊಂಡು ಕೂತಿದ್ದ ದಾಕ್ಷಾಯಣಮ್ಮ ಕೂಸಿನ ಅಜ್ಜಿ, ಮನೆಯ ಯಜಮಾನ ಕೌಸ್ತುಭನ ತಾಯಿ. ಸೊಸೆಯ ಹೆರಿಗೆಗೆಂದು ಮೈಸೂರಿನಿಂದ ಬಂದಿದ್ದರು. ಎರೆಯುವಾಗ ಕೂಸನ್ನು ಮುಟ್ಟುತ್ತಿರಲಿಲ್ಲ. ಸರೋಜಾ ಒರೆಸಿ ಮೇಲೆ ಎತ್ತಿಕೊಟ್ಟ ಮೇಲೆ, ಬೆಳ್ಳಿ ಉದ್ಧರಣೆಯಿಂದ ಕೂಸಿನ ತಲೆಯ ಮೇಲೆ ನಾಲ್ಕು ಹನಿ ನೀರು ಹಾಕಿ, ಆಮೇಲೆ ಮಡಿಲಿಗೆ ತೆಗೆದುಕೊಳ್ಳುತ್ತಿದ್ದರು.

ಮೊದಲು ಹೀಗಿರಲಿಲ್ಲ. ಅಮೆರಿಕದ ಟೆಕ್ಸಸ್‌ನ ಸೀಡರ್ ಪಾರ್ಕಿನ ಈ ಮನೆಗೆ ಸರೋಜಾಳನ್ನು ತಂದುಬಿಟ್ಟಾಗ ರಾಮಮೂರ್ತಿ ಅಂಕಲ್, "ಲಿಂಗಾಯತರ ಹೆಂಗಸು, ಶುದ್ಧ, ಅಡುಗೇನೂ ಮಾಡ್ತಾಳೆ," ಎಂದು ಹೇಳಿ ಹೋಗಿದ್ದರು. ಬಾಣಂತಿಗೆ ಬೆಳ್ಳುಳ್ಳಿ ಸುಟ್ಟು, ಮೆಣಸಿನ ಸಾರು ಕಾಯಿಸಿ ಬಡಿಸುತ್ತಿದ್ದವಳು ಸರೋಜಾಳೇ. ಒಂದು ಮಧ್ಯಾಹ್ನ ದಾಕ್ಷಾಯಣಮ್ಮ ಮಾತಿನ ನಡುವೆ ಕೇಳಿದರು.

"ನಿಮ್ಮ ಮನೆದೇವ್ರು ಯಾರೇ, ಸರೋಜಾ?"

"ಮಾತಂಗೆವ್ವ ರೀ."

ಅದು ಲಿಂಗಾಯತರ ದೇವರಲ್ಲ, ಮಾದಿಗರ ದೇವರೆಂದು ಗೊತ್ತಿದ್ದ ದಾಕ್ಷಾಯಣಮ್ಮ ತಟ್ಟೆಯನ್ನು ಕೆಳಗಿಟ್ಟು ಎದ್ದು ಹೋದರು. ಸಂಜೆ ಮಹಡಿಯ ಕೋಣೆಯಲ್ಲಿ ಮಗನ ಹತ್ತಿರ ಗುಸುಗುಸು ನಡೆಯಿತು. ಮಾರನೆಯ ದಿನದಿಂದ ಸರೋಜಾ ಅಡುಗೆಮನೆಯ ಟೈಲ್ಸ್ ದಾಟುವಂತಿಲ್ಲ ಎಂದಾಯಿತು. ಅವಳ ಊಟ ಕಾಗದದ ತಟ್ಟೆಗೆ ಬಂತು. ಅವಳು ಮಲಗುತ್ತಿದ್ದುದು ಬಟ್ಟೆ ಒಗೆಯುವ ಮಷೀನಿನ ಪಕ್ಕದ ಇರುಕಿನಲ್ಲಿ, ಅದು ಬದಲಾಗಲಿಲ್ಲ. ಕೂಸಿಗೆ ಎರೆಯುವ ಕೆಲಸವೂ ಬದಲಾಗಲಿಲ್ಲ. ಅದನ್ನು ಮಾಡಲು ಬೇರೆ ಯಾರೂ ಇರಲಿಲ್ಲ. "ಹೇಗೂ ನೀರು ಬೀಳತ್ತಲ್ಲ ಮೇಲೆ," ಎಂದು ದಾಕ್ಷಾಯಣಮ್ಮ ಸಮಾಧಾನ ಮಾಡಿಕೊಂಡಿದ್ದರು.

ಕೌಸ್ತುಭ್ ಮಾತ್ರ ಸರೋಜಾಳ ಹತ್ತಿರ ಬಂದು ಕಣ್ಣು ತಪ್ಪಿಸಿಕೊಂಡು ಹೇಳಿದ್ದ. "ಅಮ್ಮ ವಾಪಸ್ ಹೋಗೋವರೆಗೂ ಅಡ್ಜಸ್ಟ್ ಮಾಡ್ಕೋ. ನಮ್ಗೆ ಅದೆಲ್ಲ ಏನೂ ಇಲ್ಲ."



ಅವಳು ದೇವದುರ್ಗದ ಕಡೆಯವಳು. ರಾಯಚೂರಿನ ಶಕ್ತಿನಗರದಲ್ಲಿ, ವಿದ್ಯುತ್ ಸ್ಥಾವರದ ಕಾಲೊನಿಯ ಮನೆಗಳಲ್ಲಿ ಬಾಣಂತನ ಮಾಡಿಕೊಂಡಿದ್ದಳು. ಹಾಗೆ ಎರೆದ ಒಂದು ಮನೆಯ ಹುಡುಗ ಜಯಂತ ಹ್ಯೂಸ್ಟನ್ನಿನಲ್ಲಿದ್ದ. ತನ್ನ ಹೆಂಡತಿಯ ಹೆರಿಗೆಗೆ ಅವನೇ ಇವಳನ್ನು ಕರೆಸಿಕೊಂಡ. ಚೆನ್ನೈನ ವೀಸಾ ಕಚೇರಿಯಲ್ಲಿ ಗಾಜಿನ ಆಚೆ ಕೂತ ಬಿಳಿಯ ಹೆಂಗಸು ದುಭಾಷಿಯ ಮೂಲಕ, ಜಯಂತ ನಿನಗೆ ಏನಾಗಬೇಕು ಎಂದು ಕೇಳಿದಾಗ, ಕಲಿಸಿಕೊಟ್ಟ ಹಾಗೆ "ನಾ ಅವನ ದೊಡ್ಡಮ್ಮ ರೀ," ಎಂದಳು. ಅಲ್ಲಿಯವರೆಗೆ ಆ ಮನೆಯ ಹಿತ್ತಲ ಬಾಗಿಲನ್ನಷ್ಟೇ ನೋಡಿದ್ದವಳು ಒಂದು ವಾಕ್ಯದ ಮಟ್ಟಿಗೆ ಅವರ ವಂಶಕ್ಕೆ ಸೇರಿಕೊಂಡಳು. ಹ್ಯೂಸ್ಟನ್ನಿಗೆ ಇಳಿದ ದಿನವೇ ಆ ಸಂಬಂಧ ಮುಗಿಯಿತು.

ವೀಸಾದ ಅವಧಿ ಮುಗಿಯುವ ಹೊತ್ತಿಗೆ ಜಯಂತನ ಮಗು ಬೋರಲು ಬೀಳುತ್ತಿತ್ತು. ಊರಿಗೆ ಕಳಿಸುತ್ತಾರೆಂದು ಸರೋಜಾ ಬಟ್ಟೆ ಮಡಿಸಿಟ್ಟಿದ್ದಳು. ಕಳಿಸಲಿಲ್ಲ. ಹ್ಯೂಸ್ಟನ್ನಿನಿಂದ ಡಲ್ಲಾಸಿಗೆ ಹೋಗುವ ಹೆದ್ದಾರಿಯ ನಡುವೆ ಒಂದು ಪೆಟ್ರೋಲ್ ಬಂಕಿನಲ್ಲಿ ಒಂದು ಕಾರಿನಿಂದ ಇಳಿಸಿ ಇನ್ನೊಂದು ಕಾರಿಗೆ ಹತ್ತಿಸಿದರು. ಎರಡನೆಯ ಕಾರು ಯೂಲೆಸ್‌ನ ರಾಮಮೂರ್ತಿಯದು. ಜಯಂತ ಅವಳ ಪಾಸ್‌ಪೋರ್ಟನ್ನು ಅವಳ ಕೈಗೆ ಕೊಡದೆ ಆತನ ಕೈಗೆ ಕೊಟ್ಟ. ಅಲ್ಲಿಂದ ಮುಂದೆ ಯಾರ ಮನೆಯಲ್ಲಿ ಬಸುರಿಯಿದ್ದರೆ ಆ ಮನೆಗೆ ರಾಮಮೂರ್ತಿ ಅವಳನ್ನು ಕೊಂಡೊಯ್ದು ಬಿಡುತ್ತಿದ್ದ. ಯೂಲೆಸ್, ರೌಂಡ್ ರಾಕ್, ಮತ್ತೆ ಹ್ಯೂಸ್ಟನ್, ಈಗ ಸೀಡರ್ ಪಾರ್ಕ್. ಅವಳ ದುಡಿಮೆಯ ಹಣ ಆತನ ಕೈಯಿಂದ ಊರಿಗೆ ಹೋಗುತ್ತಿತ್ತು. ಎಲ್ಲ ಮನೆಗಳೂ ಒಂದೇ ಥರ ಇದ್ದವು. ಕಾರ್ಪೆಟ್ಟು, ಏಸಿಯ ಸದ್ದು, ಹೊರಗೆ ಯಾರೂ ನಡೆಯದ ಬೀದಿ. ಮಕ್ಕಳು ಮಾತ್ರ ಬೇರೆ ಬೇರೆ.

*

ಹೊಸ ಅಧ್ಯಕ್ಷರು ಬಂದರು ಎಂಬುದು ಸರೋಜಾಳಿಗೆ ಗೊತ್ತಾಗಿದ್ದು ಕಿಟಕಿಗಳಿಂದ. ಹಿಂದಿನ ವರ್ಷ ರೌಂಡ್ ರಾಕ್‌ನಲ್ಲಿದ್ದಾಗ ಸಂಜೆ ಕೂಸನ್ನು ಗಾಡಿಯಲ್ಲಿ ಹಾಕಿಕೊಂಡು ಬೀದಿಯ ಕೊನೆಯವರೆಗೆ ಹೋಗಿಬರುತ್ತಿದ್ದಳು. ಕಾಗದಪತ್ರವಿಲ್ಲದವರನ್ನು ಸರ್ಕಾರ ಹಿಡಿಯುತ್ತಿದೆಯೆಂದು ಈಗ ಮನೆಯ ಮುಂದಿನ ಪರದೆಗಳನ್ನು ಎತ್ತುವಂತಿರಲಿಲ್ಲ. ಬಾಗಿಲ ಬೆಲ್ ಆದರೆ ಮಷೀನಿನ ಕೋಣೆಗೆ ಹೋಗಿ ಬಾಗಿಲು ಹಾಕಿಕೊಳ್ಳಬೇಕು. ಇಂಡಿಯನ್ ಅಂಗಡಿಗೂ ಕರೆದುಕೊಂಡು ಹೋಗುತ್ತಿರಲಿಲ್ಲ.

ಮನೆಯವರಿಗೂ ನೆಮ್ಮದಿಯಿರಲಿಲ್ಲ. ಕೂಸಿನ ತಾಯಿ ನಿಶಿತಾ ಆಸ್ಟಿನ್ನಿನ ವಿಶ್ವವಿದ್ಯಾಲಯದ ಲ್ಯಾಬಿನಲ್ಲಿ ಕೆಲಸ ಮಾಡುತ್ತಿದ್ದಳು. ಬಡ ಬಸುರಿಯರು ರಕ್ತದೊತ್ತಡ ಏರಿ ಯಾಕೆ ಸಾಯುತ್ತಾರೆ ಎಂದು ಅವರ ರಕ್ತ ತೆಗೆದು ನೋಡುವ ಕೆಲಸ. ಒಂದು ಬೆಳಿಗ್ಗೆ ಕೂಸಿಗೆ ಹಾಲೂಡಿಸುತ್ತ ಫೋನ್ ನೋಡಿದಳು. ಆ ಸಂಶೋಧನೆ ಈಗಿನ ಸರ್ಕಾರದ ಆದ್ಯತೆಗೆ ಹೊಂದುವುದಿಲ್ಲ, ಅನುದಾನ ನಿಂತಿದೆ ಎಂದು ಅದರಲ್ಲಿತ್ತು. ಹೆತ್ತ ಹಸಿಮೈಯಲ್ಲೇ ಎದ್ದು, ಕಾರು ಓಡಿಸಿಕೊಂಡು ಹೋಗಿ, ಗುರುತಿನ ಕಾರ್ಡ್ ಕೊಟ್ಟು ಬಂದಳು. ಬಂದಾಗ ಅವಳ ಅಂಗಿಯ ಮುಂಭಾಗ ಹಾಲಿನಿಂದ ತೊಯ್ದಿತ್ತು. ಮಾರನೆಯ ವಾರದಿಂದ ಹಾಲು ಕಡಿಮೆಯಾಯಿತು.

"ಫ್ರೀಜರ್ ತುಂಬಾ ಸ್ಯಾಂಪಲ್ ಇದೆ," ಎಂದು ಗಂಡನಿಗೆ ಹೇಳುತ್ತಿದ್ದಳು. "ಅಷ್ಟೂ ಹೆಂಗಸರ ರಕ್ತ. ಪ್ಲಗ್ ಕಿತ್ತು ಹಾಕ್ತಾರಂತೆ."

"ನಿಂದು ನನ್ ವೀಸಾ ಮೇಲೆ ಡಿಪೆಂಡೆಂಟ್ ಮಾಡ್ಸೋಣ. ನನ್ ಕೆಲಸ ಇರೋವರೆಗೂ ತೊಂದ್ರೆ ಇಲ್ಲ," ಎನ್ನುತ್ತಿದ್ದ ಕೌಸ್ತುಭ್. ಅವನ ಚಿಪ್ ಕಂಪನಿಯಲ್ಲೂ ಜನರನ್ನು ತೆಗೆಯುತ್ತಿದ್ದರು.

ನಿಶಿತಾಳ ತಾಯಿಗೆ ತುಮಕೂರಿನಿಂದ ಬರಲು ವೀಸಾ ಸಿಗಲಿಲ್ಲ. ಇವರ ಹಾಗೆ ಕೆಲಸದ ವೀಸಾದಲ್ಲಿರುವವರಿಗೆ ಇಲ್ಲಿ ಹುಟ್ಟಿದ ಮಕ್ಕಳನ್ನು ಇನ್ನು ಈ ದೇಶದವರೆಂದು ಒಪ್ಪುವುದಿಲ್ಲ ಎಂಬ ಆಜ್ಞೆ ಹೊರಟು, ಕೋರ್ಟು ಅದನ್ನು ತಡೆದಿತ್ತು. ತಡೆ ಎಷ್ಟು ದಿನ ಇರುತ್ತದೋ ಯಾರಿಗೂ ಗೊತ್ತಿರಲಿಲ್ಲ. ಹೊಕ್ಕುಳ ಬಳ್ಳಿ ಉದುರುವ ಮೊದಲೇ ಕೌಸ್ತುಭ್ ಕೂಸನ್ನು ಬಟ್ಟೆಯಲ್ಲಿ ಸುತ್ತಿಕೊಂಡು ಹೋಗಿ ಪಾಸ್‌ಪೋರ್ಟಿಗೆ ಅರ್ಜಿ ಹಾಕಿ ಬಂದಿದ್ದ. ಕಣ್ಣು ತೆರೆಯದ ಕೂಸಿನ ಫೋಟೊ ತೆಗೆಯಲು ಸರೋಜಾಳೇ ಬಿಳಿ ಗೋಡೆಯ ಮುಂದೆ ಅದರ ಕುತ್ತಿಗೆಯನ್ನು ಹಿಂದಿನಿಂದ ಹಿಡಿದುಕೊಂಡಿದ್ದಳು. ಫೋಟೊದಲ್ಲಿ ಅವಳ ಬೆರಳು ಕಾಣಬಾರದೆಂದು ಮತ್ತೆ ಮತ್ತೆ ತೆಗೆದರು.

ಶನಿವಾರ ಸ್ನೇಹಿತರು ಬರುತ್ತಿದ್ದರು. ಮಾತು ಒಂದೇ.

"ನಾವು ಲೈನಲ್ಲಿ ನಿಂತು ಬಂದೋರು. ಟ್ಯಾಕ್ಸ್ ಕಟ್ತೀವಿ. ನಮ್ಗೇ ಹೀಗೆ ಮಾಡಿದ್ರೆ ಹೇಗೆ?" ಎಂದಿದ್ದಳು ಅನನ್ಯಾ, ಕೌಸ್ತುಭನ ಜೊತೆ ಕೆಲಸ ಮಾಡುವವಳು. "ಇಲ್ಲೀಗಲ್ ಆಗಿ ಬಂದು ಕೂತಿರೋರನ್ನ ಹಿಡೀಲಿ, ಯಾರ್ ಬೇಡ ಅಂತಾರೆ?"

"ಅದನ್ನೇ ಅಲ್ವಾ ನಾನೂ ಹೇಳೋದು," ಎಂದರು ದಾಕ್ಷಾಯಣಮ್ಮ. ಆಮೇಲೆ ತಿರುಗಿ, "ಸರೋಜಾ, ಅವ್ರ ಮಗು ಪ್ಯಾಂಟ್ ಒದ್ದೆ ಮಾಡ್ಕೊಂಡಿದೆ ನೋಡು. ಕ್ಲೀನ್ ಮಾಡಿ ಕೊಡು."

ಸರೋಜಾ ಅನನ್ಯಾಳ ಮಗುವನ್ನು ಎತ್ತಿಕೊಂಡು ಹೋಗಿ ತೊಳೆದು ತಂದಳು. ಇಲ್ಲೀಗಲ್ ಎಂಬ ಪದ ಅವಳಿಗೆ ಗೊತ್ತಿತ್ತು. ಈ ಮನೆಗಳಲ್ಲಿ ಅವಳು ಕಲಿತ ಕೆಲವೇ ಇಂಗ್ಲಿಷ್ ಮಾತುಗಳಲ್ಲಿ ಅದೂ ಒಂದು. ಕೇಳಿದಾಗ ಮೊದಮೊದಲು ಕೈಯಲ್ಲಿದ್ದ ಕೆಲಸ ನಿಂತುಬಿಡುತ್ತಿತ್ತು. ಈಗ ನಿಲ್ಲುತ್ತಿರಲಿಲ್ಲ.

*

ಅವಳ ಮಗಳು ಹುಲಿಗೆಮ್ಮಳಿಗೆ ಚೊಚ್ಚಲು. ಗಂಡನ ಮನೆ ಸಿಂಧನೂರಿನ ಹತ್ತಿರ. ದಿನ ಹತ್ತಿರ ಬಂದಾಗ ತೌರಿಗೆ ಬಂದು ಕೂತಿದ್ದಳು. ತೌರಿನಲ್ಲಿ ತಂದೆಯೊಬ್ಬನೇ ಇದ್ದ. ಅವನು ಹತ್ತಿ ಮಿಲ್ಲಿನಲ್ಲಿ ಹಮಾಲಿ, ಬೆಳಗಾದರೆ ಹೋಗಿ ಕತ್ತಲಾದ ಮೇಲೆ ಬರುವವನು.

ಸರೋಜಾ ನಿಶಿತಾಳನ್ನು ಕೇಳಿದಳು. ನಿಶಿತಾ ಸೋಫಾದ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು ಅದರ ಕಪ್ಪು ಪರದೆಯನ್ನೇ ನೋಡುತ್ತ ಕೂತಿದ್ದಳು.

"ಅಕ್ಕೋರ, ತಾವಾಗೇ ಊರಿಗಿ ಹೋಗೋರಿಗೆ ಸರ್ಕಾರದೋರೇ ಟಿಕೀಟ್ ಕೊಡ್ತಾರಂತಲ್ರಿ. ಸಾಹೇಬ್ರು ಹೇಳಾಕತ್ತಿದ್ರು."

"ಹ್ಞೂಂ. ಫೋನಲ್ಲಿ ಅರ್ಜಿ ಹಾಕ್ಬೇಕು."

"ನಂದು ಹಾಕ್ರಿ ಅಕ್ಕೋರ. ಮಗಳು ಹಡಿಯಾಕ ಕುಂತಾಳ."

ನಿಶಿತಾ ಲ್ಯಾಪ್‌ಟಾಪ್ ಮುಚ್ಚಿದಳು. ಅವಳ ಕಣ್ಣ ಕೆಳಗೆ ಕಪ್ಪಾಗಿತ್ತು. ಆಮೇಲೆ ಹೇಳಿದಳು. "ಎಲ್ಲಿದ್ದೆ, ಯಾರ ಮನೇಲಿದ್ದೆ ಅಂತ ಕೇಳ್ತಾರೆ, ಸರೋಜಾ. ನಮ್ ಅಡ್ರೆಸ್ ಹಾಕ್ಬೇಕಾಗತ್ತೆ. ನಮ್ ಗ್ರೀನ್ ಕಾರ್ಡ್ ಇನ್ನೂ ಬಂದಿಲ್ಲ. ನಿನ್ನಿಂದ ಅದು ಹೋದ್ರೆ ಈ ಮಗು ಗತಿ ಏನು?"

"ಹಂಗಾರ ಬ್ಯಾಡ್ರಿ," ಎಂದಳು ಸರೋಜಾ.

"ರಾಮಮೂರ್ತಿ ಅಂಕಲ್ ಹತ್ರ ಕೇಳು. ನಾಮಕರಣಕ್ಕೆ ಬರ್ತಾರೆ."

ನಾಮಕರಣಕ್ಕೆ ಮುಂಚೆ ಒಂದು ಬೆಳಿಗ್ಗೆ ಫೋನ್ ಬಂತು. ಮಷೀನಿನ ಕೋಣೆಯ ಬಾಗಿಲು ಹಾಕಿಕೊಂಡು ಎತ್ತಿದಳು. ಪರದೆಯಲ್ಲಿ ಹುಲಿಗೆಮ್ಮಳ ಮುಖ ಸಣ್ಣದಾಗಿ ಕಾಣಿಸಿತು. ತಲೆಗೆ ಬಟ್ಟೆ ಕಟ್ಟಿಕೊಂಡಿದ್ದಳು. ಕಿವಿಯಲ್ಲಿ ಹತ್ತಿಯಿತ್ತು.

"ಹಡದೆ ಯವ್ವಾ."

"ಏನು ಕೂಸು?"

"ಗಂಡು. ದವಾಖಾನ್ಯಾಗ ಆತು. ನಿನ್ನಿ ಮನಿಗಿ ಬಿಟ್ರು."

"ಕೂಸಿಗಿ ನೀರು ಹಾಕಿದ್ರೇನು? ಯಾರು ಹಾಕಿದ್ರು?"

"ಯಾರದಾರ ಇಲ್ಲಿ? ನಾನ ಹಾಕೀನಿ. ಒಲಿ ಹಚ್ಚಿ, ನೀರು ಕಾಸಿ, ನಾನ ಎತ್ತಿ ಬಚ್ಚಲಕ್ಕ ಒಯ್ದೆ. ಹೊಲಿಗಿ ಹಾಕ್ಯಾರಲ್ಲ, ಕುಂದ್ರಾಕ ಬರಂಗಿಲ್ಲ. ನಿಂತು ಹಾಕೀನಿ. ಕೈಯಾಗ ಜಾರಾಕತ್ತಿತ್ತು."

ಸರೋಜಾ ಫೋನನ್ನು ಕಣ್ಣಿನ ಹತ್ತಿರ ತಂದಳು. ಮಷೀನು ಬಟ್ಟೆ ಹಿಂಡುತ್ತ ಗಡಗಡ ನಡುಗುತ್ತಿತ್ತು.

"ಯವ್ವಾ, ಕೇಳಸ್ತೈತೇನು? ನೀ ಯಾವಾಗ ಬರ್ತಿ?"

"ಬೆನ್ನು ಕಾಸ್ಕೊ," ಎಂದಳು ಸರೋಜಾ. "ಗಾಳಿಗಿ ಕುಂದ್ರಬ್ಯಾಡ."

ಫೋನಿಟ್ಟ ಮೇಲೆ ಹೋಗಿ ನಿಶಿತಾಳ ಕೂಸಿಗೆ ಎಣ್ಣೆ ಹಚ್ಚಿದಳು. ಕಾಲು ನೀಡಿದಳು, ಬೆನ್ನು ನೀವಿದಳು, ನೀರು ಹಾಕಿದಳು, ಸಾಂಬ್ರಾಣಿ ಹೊಗೆ ಕೊಟ್ಟಳು. ದಾಕ್ಷಾಯಣಮ್ಮ ಅಂದೂ ಏನೋ ಬೈದರು. ಏನೆಂದು ಅವಳು ಕೇಳಿಸಿಕೊಳ್ಳಲಿಲ್ಲ.

*

ನಾಮಕರಣದ ದಿನ ಬೆಳಿಗ್ಗೆಯೇ ಬಿಸಿಲು ಬೆಂಕಿಯಾಗಿತ್ತು. ಟೆಕ್ಸಸ್‌ನ ಆಗಸ್ಟ್. ಬಾಗಿಲಿಗೆ ಪ್ಲಾಸ್ಟಿಕ್ ಮಾವಿನ ತೋರಣ ಕಟ್ಟಿದ್ದರು. ಎದುರು ಮನೆಯ ಛಾವಣಿ ಆಲಿಕಲ್ಲಿಗೆ ಹಾಳಾಗಿತ್ತು, ಕೂಲಿಯವರು ಮೇಲೆ ಹತ್ತಿ ಹೊಸ ಹಾಳೆ ಬಡಿಯುತ್ತಿದ್ದರು. ಮೊಳೆ ಹೊಡೆಯುವ ಯಂತ್ರದ ಟಕಟಕ ಸದ್ದಿನ ನಡುವೆಯೇ ಕಾರುಗಳು ಬಂದು ನಿಂತವು. ರೇಷ್ಮೆ ಸೀರೆಗಳು ಇಳಿದವು.

ದೇವಸ್ಥಾನದಿಂದ ಬಂದ ಪ್ರದ್ಯುಮ್ನಾಚಾರ್ಯರು ಕಲಶ ಇಡುತ್ತ ಕೇಳಿದರು. "ತೊಟ್ಟಿಲಿಗೆ ಬಟ್ಟೆ ಹಾಸಿದ್ದು ಯಾರು?"

ಸರೋಜಾ ಹಾಸಿದ್ದಳು. ಕೋಣೆಯ ಬಾಗಿಲಲ್ಲಿ ಕೂಸನ್ನು ಎತ್ತಿಕೊಂಡು ನಿಂತಿದ್ದಳು. ದಾಕ್ಷಾಯಣಮ್ಮ ಆಚಾರ್ಯರ ಕಿವಿಯ ಹತ್ತಿರ ಬಾಗಿ ಏನೋ ಹೇಳಿದರು. ಆಚಾರ್ಯರು ಕೈಯಲ್ಲಿದ್ದ ದರ್ಭೆಯನ್ನು ಕೆಳಗಿಟ್ಟರು.

"ಏನಮ್ಮ ಇದು. ಇಷ್ಟು ಓದಿದೀರಿ, ಇಷ್ಟು ದೊಡ್ಡ ಮನೆ ಕಟ್ಟಿದೀರಿ. ಇವತ್ತಿನ ದಿನವಾದ್ರೂ ಬೇಡ್ವೆ? ಆ ಬಟ್ಟೆ ತೆಗೀರಿ. ಬೇರೆ ಹಾಸಿ. ಮಗೂನ ಅವಳ ಕೈಯಿಂದ ತಗೊಳ್ಳಿ. ಕೊಡೋಳು ಕೆಳಗಿಡ್ಲಿ, ಆಮೇಲೆ ನೀವು ಎತ್ಕೊಳ್ಳಿ."

ಎಲ್ಲರೂ ನೋಡುತ್ತಿದ್ದರು. ಸರೋಜಾ ಬಗ್ಗಿ ಕೂಸನ್ನು ಕಾರ್ಪೆಟ್ಟಿನ ಮೇಲೆ ಮಲಗಿಸಿದಳು. ಅವಳ ಬೆರಳನ್ನು ಹಿಡಿದಿದ್ದ ಮುಷ್ಟಿಯನ್ನು ಮೆಲ್ಲಗೆ ಬಿಡಿಸಿಕೊಂಡಳು. ಕೂಸು ಅಳತೊಡಗಿತು. ದಾಕ್ಷಾಯಣಮ್ಮ ನೀರು ಚಿಮುಕಿಸಿ ಎತ್ತಿಕೊಂಡರು. ಅನನ್ಯಾ ತನ್ನ ಫೋನಿನಲ್ಲಿ ಏನೋ ಹುಡುಕುತ್ತಿದ್ದಳು. ಕೌಸ್ತುಭ್ ಪಂಚೆಯ ಅಂಚು ಸರಿಮಾಡಿಕೊಂಡ.

"ನೀನು ಗ್ಯಾರೇಜಲ್ಲಿರು," ಎಂದರು ದಾಕ್ಷಾಯಣಮ್ಮ. "ಕರೆಯೋವರೆಗೂ ಬರ್ಬೇಡ. ಜನ ಬಂದಿದಾರೆ, ಯಾರ್ ಯಾರ್ ಬಾಯಿ ಹೇಗಿರತ್ತೋ. ಯಾರಾದ್ರೂ ಹೋಗಿ ಕಂಪ್ಲೇಂಟ್ ಕೊಟ್ರೆ ನಮ್ ಮನೆ ಹಾಳು."

ಚಪ್ಪಲಿ ಹಾಕಿಕೊಳ್ಳಲೂ ಬಿಡಲಿಲ್ಲ. ಗ್ಯಾರೇಜಿನಲ್ಲಿದ್ದ ಕಾರುಗಳನ್ನು ಹೊರಗೆ ನಿಲ್ಲಿಸಿದ್ದರು. ಖಾಲಿ ಸಿಮೆಂಟಿನ ನೆಲ, ಗೋಡೆಯುದ್ದಕ್ಕೂ ಕಾರ್ಟನ್ ಪೆಟ್ಟಿಗೆಗಳು, ಮಡಿಸುವ ಒಂದು ಕುರ್ಚಿ. ಏಸಿ ಇರಲಿಲ್ಲ. ಕಬ್ಬಿಣದ ಬಾಗಿಲು ಕಾವಲಿಯ ಹಾಗೆ ಕಾದಿತ್ತು. ಸರೋಜಾ ಕುರ್ಚಿಯ ಮೇಲೆ ಕೂತಳು. ಒಳಗೆ ಮಂತ್ರ ಶುರುವಾಯಿತು.

ಸ್ವಲ್ಪ ಹೊತ್ತಿಗೆ ರಾಮಮೂರ್ತಿ ಮನೆಯೊಳಗಿನಿಂದ ಬಂದ. ಜರಿಯಂಚಿನ ಶಲ್ಯ ಹೊದ್ದಿದ್ದ. ಬೆವರು ಒರೆಸಿಕೊಂಡು ನಿಂತೇ ಮಾತಾಡಿದ.

"ನಾಳೆ ಬೆಳಿಗ್ಗೆ ಹೊರಡು. ಹ್ಯೂಸ್ಟನ್‌ನಲ್ಲಿ ಒಬ್ರು ಕಾಯ್ತಾ ಇದಾರೆ. ಅವಳಿ ಮಕ್ಕಳು. ಇಲ್ಲಿ ಆಡಿದ ಹಾಗೆ ಅಲ್ಲಿ ಮನೆದೇವ್ರ ಹೆಸರು ಬಾಯಿ ಬಿಟ್ರೆ ನೋಡು."

"ಪಾಸ್‌ಪೋರ್ಟ್ ಕೊಡ್ರಿ ಅಂಕಲ್. ನಾ ಊರಿಗಿ ಹೊಕ್ಕೀನಿ."

"ಊರಿಗಾ? ಏರ್‌ಪೋರ್ಟ್‌ಗೆ ಕಾಲಿಟ್ರೆ ಕೈಗೆ ಕೋಳ ಹಾಕ್ತಾರೆ, ಮುಂಡೇದೆ. ಟಿವಿ ನೋಡಲ್ವಾ ನೀನು?"

"ಹಾಕ್ಲಿ ಬಿಡ್ರಿ. ಹಾಕಿ ಊರಿಗೇ ಕಳಸ್ತಾರಲ್ರಿ."

"ಕಳಿಸ್ತಾರೆ. ಯಾವೂರಿಗೆ ಅಂತ ಯಾರಿಗ್ ಗೊತ್ತು? ಯಾವ್ದೋ ದೇಶದ ಜೈಲಿಗೆ ಎಸೀತಾರೆ. ಅಲ್ಲಿ ನಿನ್ ಭಾಷೆ ತಿಳಿಯೋ ನಾಯೀನೂ ಇರಲ್ಲ." ಒಂದು ಹೆಜ್ಜೆ ಹತ್ತಿರ ಬಂದ. "ಯಾರ್ಯಾರ ಮನೇಲಿದ್ದೆ ಅಂತ ಕೇಳಿದ್ರೆ ಏನ್ ಹೇಳ್ತೀಯ? ಅನ್ನ ಹಾಕಿದೋರ ಹೆಸರು ಹೇಳ್ತೀಯೇನೇ, ರಂಡೆ?"

"ಅನ್ನ ನಾನ ಮಾಡಿ ಹಾಕೀನ್ರಿ, ಎಲ್ಲಾರ ಮನ್ಯಾಗೂ."

ರಾಮಮೂರ್ತಿ ಕೈ ಎತ್ತಿದ. ಸರೋಜಾ ಮುಖ ತಿರುಗಿಸಲಿಲ್ಲ. ಎತ್ತಿದ ಕೈ ಶಲ್ಯವನ್ನು ಸರಿಮಾಡಿಕೊಂಡು ಇಳಿಯಿತು.

"ಈ ಸರ್ಕಾರ ಬಂದಿದ್ದು ಒಳ್ಳೇದೇ ಆಯ್ತು. ನಾನೇ ಓಟ್ ಹಾಕಿದೀನಿ. ನಿಮ್ಮಂಥೋರ ಕೊಬ್ಬು ಇಳಿಸೋಕೆ ಇಂಥೋರೇ ಬೇಕು," ಎಂದು ಹೇಳಿ ಒಳಗೆ ಹೋದ.

ಅವನ ಹಿಂದೆಯೇ ಬಾಗಿಲ ಸಂದಿಯಿಂದ ಒಂದು ಕಾಗದದ ತಟ್ಟೆ ಬಂತು. ಹೋಳಿಗೆ, ಚಿತ್ರಾನ್ನ. ಯಾರು ಇಟ್ಟರೋ ಕಾಣಲಿಲ್ಲ. ಸರೋಜಾ ತಿನ್ನಲಿಲ್ಲ. ಹಸಿವಾಗಿತ್ತೋ ಇಲ್ಲವೋ ಅದೂ ತಿಳಿಯಲಿಲ್ಲ. ಹೋಳಿಗೆಯ ಮೇಲಿನ ತುಪ್ಪ ಕಾವಿಗೆ ಕರಗಿ ಕಾಗದವನ್ನು ನೆನೆಸುತ್ತಿತ್ತು.

ಎದುರು ಮನೆಯ ಮೊಳೆ ಯಂತ್ರದ ಸದ್ದು ತಟ್ಟನೆ ನಿಂತಿತು.

ಆಮೇಲೆ ಕೂಗಾಟ. ಗ್ಯಾರೇಜಿನ ಬಾಗಿಲ ಮೇಲುಗಡೆ ಸಣ್ಣ ಗಾಜುಗಳಿದ್ದವು. ಸರೋಜಾ ಒಂದು ಬಣ್ಣದ ಬಕೆಟ್ಟನ್ನು ಬೋರಲು ಹಾಕಿ ಹತ್ತಿ ನೋಡಿದಳು. ಬೀದಿಯ ಎರಡೂ ಕಡೆ ಗುರುತಿಲ್ಲದ ದೊಡ್ಡ ಗಾಡಿಗಳು ಅಡ್ಡ ನಿಂತಿದ್ದವು. ಮುಖಕ್ಕೆ ಬಟ್ಟೆ ಕಟ್ಟಿದ ವಲಸೆ ಇಲಾಖೆಯ ಅಧಿಕಾರಿಗಳು ಇಳಿದಿದ್ದರು. ಏಣಿಯನ್ನು ಆಗಲೇ ತೆಗೆದುಹಾಕಿದ್ದರು. ಛಾವಣಿಯ ಮೇಲಿದ್ದವರು ಎತ್ತ ಹೋಗಬೇಕೆಂದು ತಿಳಿಯದೆ ನೆತ್ತಿಯ ಮೇಲೆ ನಿಂತಿದ್ದರು. ಒಬ್ಬ ಹಿಂಬದಿಗೆ ಓಡಿದ, ಜಾರಿದ, ಕಣ್ಣಿಗೆ ಕಾಣದ ಕಡೆ ಬಿದ್ದ. ಬಿದ್ದ ಸದ್ದು ಮಾತ್ರ ಕೇಳಿಸಿತು. ಕೆಳಗೆ ಹುಲ್ಲಿನಲ್ಲಿ ಚಕ್ರದ ಅಯಸ್ಕಾಂತ ಎಳೆದುಕೊಂಡು ಉದುರಿದ ಮೊಳೆಗಳನ್ನು ಆಯುತ್ತಿದ್ದ ಹೆಂಗಸೊಬ್ಬಳು ಇದ್ದಲ್ಲೇ ನಿಂತುಬಿಟ್ಟಿದ್ದಳು. ಒಬ್ಬೊಬ್ಬರನ್ನಾಗಿ ಕೆಳಗಿಳಿಸಿ, ಕೈಗಳನ್ನು ಹಿಂದಕ್ಕೆ ಪ್ಲಾಸ್ಟಿಕ್ ಪಟ್ಟಿಯಿಂದ ಬಿಗಿದು, ರಸ್ತೆಯಂಚಿನ ಕಟ್ಟೆಯ ಮೇಲೆ ಸಾಲಾಗಿ ಕೂರಿಸಿದರು. ಆ ಹೆಂಗಸನ್ನೂ ಕೂರಿಸಿದರು.

ಒಳಗೆ ಮಂತ್ರ ನಿಂತಿತ್ತು.

"ಬ್ಲೈಂಡ್ಸ್ ಹಾಕಿ, ಬ್ಲೈಂಡ್ಸ್ ಹಾಕಿ," ಎಂದು ಯಾರೋ ಹೇಳುತ್ತಿದ್ದರು. "ನನ್ ಪೇಪರ್ಸ್ ಎಲ್ಲಾ ದೇವಸ್ಥಾನದಲ್ಲೇ ಇದೆಯಲ್ಲ," ಎನ್ನುತ್ತಿದ್ದದ್ದು ಆಚಾರ್ಯರ ದನಿ. "ನಮ್ಗೇನೂ ಮಾಡಲ್ಲ, ಅವ್ರು ರೂಫಿಂಗ್‌ನೋರ್ನ ಹಿಡಿಯೋಕೆ ಬಂದಿರೋದು," ಎಂದು ಅನನ್ಯಾ ಎಲ್ಲರಿಗಿಂತ ಗಟ್ಟಿಯಾಗಿ ಹೇಳುತ್ತಿದ್ದಳು.

ಮನೆಯ ಕಡೆಯ ಬಾಗಿಲು ಒಂದು ಗೇಣು ತೆರೆಯಿತು. ಕೌಸ್ತುಭ್. ಹಣೆಯ ಗಂಧ ಬೆವರಿನಲ್ಲಿ ಇಳಿದಿತ್ತು.

"ಕೆಳಗಿಳಿ. ಲೈಟ್ ಆಫ್ ಮಾಡು. ಆ ಪೆಟ್ಟಿಗೆಗಳ ಹಿಂದೆ ಕೂತ್ಕೋ. ಸದ್ದು ಮಾಡ್ಬೇಡ. ಪ್ಲೀಸ್."

"ಆ ಶನೀನ ಹಿತ್ತಲಿಂದ ಓಡ್ಸೋ ಮೊದ್ಲು," ಎಂದರು ಅವನ ಹಿಂದೆ ದಾಕ್ಷಾಯಣಮ್ಮ. "ಸಿಕ್ಕಿಹಾಕ್ಕೊಂಡ್ರೆ ರೋಡಲ್ಲಿ ಸಿಕ್ಕಿಹಾಕ್ಕೊಳ್ಳಲಿ. ನಮ್ ಮನೇಲಿ ಬೇಡ."

ಇಬ್ಬರ ನಡುವಿನ ಸಂದಿಯಲ್ಲಿ ನಿಶಿತಾ ಕಾಣಿಸಿದಳು. ಕೂಸನ್ನು ಎದೆಗೆ ಒತ್ತಿ ಹಿಡಿದಿದ್ದಳು. ಸರೋಜಾಳನ್ನು ನೋಡಿದಳು. ಬಾಗಿಲು ಮುಚ್ಚಿತು, ಒಳಗಿನಿಂದ ಚಿಲಕ ಬಿತ್ತು.

ಸರೋಜಾ ದೀಪ ಆರಿಸಿ ಪೆಟ್ಟಿಗೆಗಳ ಹಿಂದೆ ಕೂತಳು. ಅವುಗಳಿಂದ ಬಟ್ಟೆಯ ಅಂಗಡಿಯ ವಾಸನೆ ಬರುತ್ತಿತ್ತು. ಬೆವರು ಕಣ್ಣಿಗೆ ಇಳಿಯುತ್ತಿತ್ತು, ಒರೆಸಿಕೊಳ್ಳಲಿಲ್ಲ. ಹೆದರಿಕೆಯಾಗಬೇಕಿತ್ತು. ಆಗಲಿಲ್ಲ. ದೇವದುರ್ಗದ ಮನೆಯ ಬಚ್ಚಲಿನಲ್ಲಿ ಹುಲಿಗೆಮ್ಮ ಗೋಡೆಗೆ ಒರಗಿ, ಒಂದು ಕೈಯಲ್ಲಿ ಕೂಸು ಒಂದು ಕೈಯಲ್ಲಿ ಚೆಂಬು ಹಿಡಿದು ನಿಂತಿರುವುದು ಕಾಣಿಸಿತು. 'ಜಾರಾಕತ್ತಿತ್ತು' ಎಂದಿದ್ದಳು. ಅಷ್ಟೇ ಕಾಣಿಸಿದ್ದು. ಅದಕ್ಕೂ ಅಳು ಬರಲಿಲ್ಲ.

ಎದ್ದಳು. ಗೋಡೆಯ ಮೇಲೆ ಗ್ಯಾರೇಜಿನ ದೊಡ್ಡ ಬಾಗಿಲಿನ ಗುಂಡಿಯಿತ್ತು. ಕತ್ತಲೆಯಲ್ಲಿ ಅದರ ನಡುವೆ ಸಣ್ಣ ಬೆಳಕು ಉರಿಯುತ್ತಿತ್ತು. ಹೋಗಿ ಒತ್ತಿದಳು.

ಮೇಲೆ ಮೋಟಾರು ಗುರ್ರೆಂದಿತು. ಸರಪಳಿ ಎಳೆಯತೊಡಗಿತು. ಕಬ್ಬಿಣದ ಹಲಗೆಗಳು ಕಿರುಗುಟ್ಟುತ್ತ ಒಂದೊಂದಾಗಿ ಮಡಚಿಕೊಂಡು ಮೇಲೇರಿದವು. ಬಿಸಿಲು ಮೊದಲು ಸಿಮೆಂಟಿನ ಮೇಲೆ ಒಂದು ಗೆರೆಯಾಗಿ ಬಿತ್ತು, ಆಮೇಲೆ ಅವಳ ಬರಿಗಾಲಿನ ಮೇಲೆ, ಸೀರೆಯ ಮೇಲೆ, ಮುಖದ ಮೇಲೆ. ಒಳಗೆ ಯಾರೋ "ಅಯ್ಯೋ, ಓಪನ್ ಮಾಡ್ಬಿಟ್ಲು," ಎಂದದ್ದು ಕೇಳಿಸಿತು. ಚಿಲಕ ತೆಗೆಯುವ ಸದ್ದಾಯಿತು. ಬೀದಿಯಲ್ಲಿದ್ದ ಎಲ್ಲ ಮುಖಗಳೂ ಇತ್ತ ತಿರುಗಿದವು.

ಸರೋಜಾ ಮನೆಯ ಮುಂದಿನ ಇಳಿಜಾರು ದಾಟಿ ಬೀದಿಗೆ ಇಳಿದಳು. ಒಬ್ಬ ಅಧಿಕಾರಿ ಕೈ ಎತ್ತಿ ಏನೋ ಅರಚಿದ. ನಿಂತಳು. ಅವನು ಅರಚುವುದನ್ನು ನಿಲ್ಲಿಸಿದ ಮೇಲೆ ಮತ್ತೆ ನಡೆದು ಹೋಗಿ, ಕಟ್ಟೆಯ ಮೇಲೆ ಕೂತಿದ್ದವರ ಸಾಲಿನ ಕೊನೆಗೆ, ಮೊಳೆ ಆಯುತ್ತಿದ್ದ ಹೆಂಗಸಿನ ಪಕ್ಕ ಕೂತಳು. ಆ ಹೆಂಗಸು ಅವಳನ್ನು ಒಮ್ಮೆ ನೋಡಿದಳು. ಕಟ್ಟಿದ ಕೈಗಳಲ್ಲೇ ಒಂದಿಷ್ಟು ಸರಿದು ಜಾಗ ಮಾಡಿದಳು.

ಅಧಿಕಾರಿ ಹತ್ತಿರ ಬಂದು ಬಗ್ಗಿ ಇಂಗ್ಲಿಷಿನಲ್ಲಿ ಕೇಳಿದ. ಮತ್ತೆ ಇನ್ನೊಂದು ಭಾಷೆಯಲ್ಲಿ ಕೇಳಿದ. ಎರಡೂ ಅವಳಿಗೆ ತಿಳಿಯಲಿಲ್ಲ. ಕೇಳುತ್ತಿರುವುದು ಏನೆಂದು ಮಾತ್ರ ತಿಳಿಯಿತು.

"ಸರೋಜಾ," ಎಂದಳು. "ಊರು ದೇವದುರ್ಗ. ಆ ಮನ್ಯಾಗ ಇರ್ತೀನಿ, ಕೂಸಿಗಿ ನೀರು ಹಾಕಾಕಿ." ಮನೆಯ ಕಡೆ ಕೈ ತೋರಿಸಿದಳು. ಕೌಸ್ತುಭ್ ಮತ್ತು ರಾಮಮೂರ್ತಿ ಇಳಿಜಾರಿನ ಅರ್ಧಕ್ಕೆ ಬಂದು ನಿಂತಿದ್ದರು. "ಪಾಸ್‌ಪೋರ್ಟ್ ಆ ಶಲ್ಯದೋನ ಕಡೆ ಐತಿ."

ಪಾಸ್‌ಪೋರ್ಟ್ ಎಂಬ ಮಾತು ಅಧಿಕಾರಿಗೆ ತಿಳಿಯಿತು. ತಲೆಯೆತ್ತಿ ಅವರಿಬ್ಬರನ್ನು ನೋಡಿದ. ಈಕೆ ನಿಮ್ಮವಳೇ ಎಂದು ಕೇಳಿದ. ಕೌಸ್ತುಭ್ ಬಾಯಿ ತೆರೆದ. ಅವನು ಏನಾದರೂ ಹೇಳುವ ಮೊದಲೇ ರಾಮಮೂರ್ತಿ ನಗುತ್ತ ಎರಡೂ ಕೈ ಆಡಿಸಿದ.

"ನೋ ಸರ್. ನೆವರ್ ಸೀನ್ ಹರ್. ನೋ ನೋ."

ಅದಿಷ್ಟು ಸರೋಜಾಳಿಗೆ ಅರ್ಥವಾಯಿತು.

"ಥೂ, ಭಾಡ್ಯಾ," ಎಂದಳು. ದನಿ ಏರಲಿಲ್ಲ. ರಸ್ತೆಯ ಮೇಲೆ ಉಗುಳಿ, ಮುಖ ಆ ಕಡೆಗೆ ತಿರುಗಿಸಿಕೊಂಡಳು.

ಇನ್ನೊಬ್ಬ ಅಧಿಕಾರಿ ಬಂದು ಅವಳ ಕೈಗಳನ್ನು ಹಿಂದಕ್ಕೆ ಎಳೆದು ಪಟ್ಟಿ ಬಿಗಿದ. ಮೊದಲಿನವನು ಇಳಿಜಾರು ಹತ್ತಿದ. ರಾಮಮೂರ್ತಿಯ ಕಾರು ಬೀದಿಯ ಮೂಲೆಯಲ್ಲಿತ್ತು, ಅತ್ತ ನಡೆಯತೊಡಗಿದ್ದ ಅವನು ಅಧಿಕಾರಿ ಕರೆದ ಕೂಡಲೇ ನಿಂತ. ಕೌಸ್ತುಭ್ ಕೈಗಳನ್ನು ಎಲ್ಲಿಡಬೇಕೆಂದು ತಿಳಿಯದೆ ಪಂಚೆಯ ಮೇಲೆ ಇಟ್ಟುಕೊಂಡಿದ್ದ. ಅಧಿಕಾರಿ ಅವರನ್ನು ದಾಟಿ ಮುಂಬಾಗಿಲಿಗೆ ಹೋದ. ತೋರಣದ ಕೆಳಗೆ ಅತಿಥಿಗಳ ಚಪ್ಪಲಿ, ಬೂಟುಗಳು ರಾಶಿಯಾಗಿ ಬಿದ್ದಿದ್ದವು. ಕಾಲಿಡಲು ಜಾಗ ಹುಡುಕಿದ, ಸಿಗಲಿಲ್ಲ, ಬೂಟಿನಿಂದ ಒಂದಿಷ್ಟನ್ನು ಪಕ್ಕಕ್ಕೆ ತಳ್ಳಿ ನಿಂತು ಬೆಲ್ ಒತ್ತಿದ.

ಒಳಗಿನಿಂದ ಯಾರೂ ಬರಲಿಲ್ಲ. ಇನ್ನೊಮ್ಮೆ ಒತ್ತಿದ.